ಎರಡು ದನಿ, ಎರಡು ಹಾದಿ: ಗಣಕಯಂತ್ರದಲ್ಲಿ ಮೈಕಿನ ಧ್ವನಿಯನ್ನೂ ಗಣಕದೊಳಗಿನ ಧ್ವನಿಯನ್ನೂ ಒಟ್ಟಿಗೆ ಮುದ್ರಿಸುವ ಬಗೆ

(ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕೊಯಮತ್ತೂರು ನಗರದ ಪಶ್ಚಿಮಕ್ಕೆ, ನೊಯ್ಯಲ್ ನದಿಯ ಮೇಲ್ಭಾಗದ ಬಯಲಿನಲ್ಲಿ, ಪಶ್ಚಿಮ ಘಟ್ಟದ ಅಡಿಯಲ್ಲಿ ತೊಂಡಾಮುತ್ತೂರು ಇದೆ. ಈ ಸುತ್ತಿನ ಒಕ್ಕಲಿಗರ ಮನೆಗಳಲ್ಲಿಯೂ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿಯೂ ಕನ್ನಡವು ತಲೆಮಾರುಗಳಿಂದ ಮನೆಮಾತಾಗಿದೆ. ಹೊಲ, ಅಂಗಡಿ, ಶಾಲೆ, ಕಚೇರಿಗಳ ಮಾತು ತಮಿಳು. ಅಡಿಗೆಮನೆ, ಜಗಲಿ, ಮದುವೆಮನೆಗಳ ಮಾತು ಕನ್ನಡ. ಇಂತಹ ಮನೆಯ ಮಗುವಿಗೆ ಕನ್ನಡವು ಕಿವಿಯಲ್ಲಿದೆ, ನಾಲಗೆಯಲ್ಲಿದೆ. ಆದರೆ ಕಣ್ಣಿನಲ್ಲಿ ಇಲ್ಲ. ಅಕ್ಷರವೆಂದರೆ ಆ ಮಗುವಿಗೆ ತಮಿಳಿನ ಅಕ್ಷರ ಅಥವಾ ಇಂಗ್ಲಿಷಿನ ಅಕ್ಷರ.

ಈ ಜಿಲ್ಲೆಗೂ ಕನ್ನಡ ನಾಡಿಗೂ ಇದ್ದ ಆಡಳಿತದ ನಂಟು ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೊಯಮತ್ತೂರು ಸೀಮೆ ಮೈಸೂರಿನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಇಂದು ಕನ್ನಡ ಶಾಲೆಗಳಿರುವ ತಾಳವಾಡಿಯೂ 1979ರಲ್ಲಿ ಈರೋಡು ಜಿಲ್ಲೆ ರೂಪುಗೊಳ್ಳುವವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ಗಡಿಗಳು ಸರಿದವು, ಮನೆಮಾತು ಇದ್ದಲ್ಲಿಯೇ ಉಳಿಯಿತು. ಆದರೆ ಆ ಮಾತನ್ನು ಕೇಳಿ ಬರೆದಿಟ್ಟವರು ಕಡಿಮೆ. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ 4ನೆಯ ಸಂಪುಟದಲ್ಲಿ, 1906ರಲ್ಲಿ, ಕನ್ನಡದ ವಿವರಣೆ ಬಂದಿತಾದರೂ ಮದರಾಸು ಪ್ರಾಂತವೂ ಮೈಸೂರು, ಹೈದರಾಬಾದು ಸಂಸ್ಥಾನಗಳೂ ಆ ಸಮೀಕ್ಷೆಯ ವ್ಯಾಪ್ತಿಯಿಂದ ಹೊರಗುಳಿದಿದ್ದವು. ಅಂದು ಕೊಯಮತ್ತೂರಿನ ಕನ್ನಡವೂ ಹೀಗೆ ಹೊರಗೇ ಉಳಿಯಿತು.

ಹೀಗಿರುವಲ್ಲಿ, ಕನ್ನಡ ಶಾಲೆಯ ಶಿಕ್ಷಕರಿಗೆ ಇಂದು ದೊರೆತಿರುವ ಒಂದು ಸಣ್ಣ ಸೌಕರ್ಯವನ್ನು ಕುರಿತು ಈ ಉಪನ್ಯಾಸ. ಗಣಕಯಂತ್ರದಲ್ಲಿ ಶಿಕ್ಷಕರ ಧ್ವನಿಯನ್ನೂ, ಗಣಕಯಂತ್ರದೊಳಗೆ ನುಡಿಯುತ್ತಿರುವ ಧ್ವನಿಯನ್ನೂ ಏಕಕಾಲದಲ್ಲಿ ಮುದ್ರಿಸುವುದು ಹೇಗೆ ಎಂಬುದೇ ಇಲ್ಲಿಯ ವಿಷಯ. ಇದು ಯಂತ್ರದ ವಿಷಯವಾಗಿ ತೋರಿದರೂ ಇದರ ಒಳಗಿರುವುದು ಬೋಧನೆಯ ಪ್ರಶ್ನೆ: ಪಾಠದಲ್ಲಿ ಯಾರ ದನಿ ಕೇಳಿಸಬೇಕು?

ಒಂದು ಸಂದರ್ಭ

ತಾಳವಾಡಿಯ ಕನ್ನಡ ಶಾಲೆಯೊಂದರ ಶಿಕ್ಷಕಿಯು ಐದನೆಯ ತರಗತಿಗೆ ನೀರಾವರಿಯ ಪಾಠವನ್ನು ಮಾಡಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ವಿದ್ಯುತ್ ಪಂಪು ಬರುವ ಮುನ್ನ ಬಾವಿಯ ನೀರನ್ನು ಎತ್ತುಗಳ ಬಲದಿಂದ ಮೇಲೆತ್ತುತ್ತಿದ್ದರು. ಕನ್ನಡದಲ್ಲಿ ಅದು ಕಪಿಲೆ; ತಮಿಳಿನಲ್ಲಿ ಕವಲೈ. 1932ರಲ್ಲಿ ಪೈಕಾರ ಜಲವಿದ್ಯುತ್ ಯೋಜನೆ ಆರಂಭವಾದ ಮೇಲೆ ಕೊಯಮತ್ತೂರು ಸೀಮೆಗೆ ವಿದ್ಯುತ್ ಹರಿಯಿತು. ಮುಂದಿನ ದಶಕಗಳಲ್ಲಿ ಬಾವಿ ಬಾವಿಗೂ ಪಂಪು ಬಂದಿತು. ಕಪಿಲೆ ಮೂಲೆ ಸೇರಿತು. ವಸ್ತು ಹೋದರೆ ಅದರ ಸುತ್ತಣ ಮಾತುಗಳೂ ಹೋಗುತ್ತವೆ. ರಾಟೆಗೆ, ಹಗ್ಗಕ್ಕೆ, ತೊಗಲಿನ ಚೀಲಕ್ಕೆ, ಎತ್ತುಗಳು ಹಿಂದೆಮುಂದೆ ನಡೆಯುವ ಇಳಿಜಾರಿಗೆ, ಅವುಗಳನ್ನು ಹೊಡೆಯುವವನ ಕೂಗಿಗೆ ಹೆಸರುಗಳಿದ್ದವು. ಪಠ್ಯಪುಸ್ತಕದಲ್ಲಿ ಅವೆಲ್ಲ ದೊರೆಯುವುದಿಲ್ಲ. ತೊಂಡಾಮುತ್ತೂರಿನ ಕಡೆಯ ತೋಟದ ಮನೆಯೊಂದರಲ್ಲಿ ಬಾಲ್ಯದಲ್ಲಿ ಕಪಿಲೆಯನ್ನು ಕಂಡ ಅಜ್ಜಿಯೊಬ್ಬರು ಇರಬಹುದು. ಶಿಕ್ಷಕಿಯು ತನ್ನ ಶಾಲೆಯ ಗಣಕಯಂತ್ರದ ಮುಂದೆ ಕುಳಿತು, ಅಂತರ್ಜಾಲದ ಕರೆಯ ಮೂಲಕ ಆ ಅಜ್ಜಿಯನ್ನು ಮಾತನಾಡಿಸುತ್ತಾಳೆ. ಪ್ರಶ್ನೆ ಶಿಕ್ಷಕಿಯದು, ಅದು ಮೈಕಿನ ಮೂಲಕ ಗಣಕಯಂತ್ರವನ್ನು ಹೊಗುತ್ತದೆ. ಉತ್ತರ ಅಜ್ಜಿಯದು, ಅದು ಅಂತರ್ಜಾಲದ ಮೂಲಕ ಬಂದು ಗಣಕಯಂತ್ರದ ಸ್ಪೀಕರಿನಲ್ಲಿ ನುಡಿಯುತ್ತದೆ. ಎರಡೂ ಮುದ್ರಣವಾಗಬೇಕು.

ಇದೇ ಅಗತ್ಯವು ಬೇರೆ ರೂಪಗಳಲ್ಲಿಯೂ ಬರುತ್ತದೆ. ಹಳೆಯ ಕ್ಯಾಸೆಟ್ಟಿನಿಂದ ಗಣಕಯಂತ್ರಕ್ಕೆ ಇಳಿಸಿಕೊಂಡ ಜನಪದ ಗೀತೆಯನ್ನು ನುಡಿಸುತ್ತ ನಡುನಡುವೆ ಅರ್ಥ ಹೇಳುವುದು. ಬಾನುಲಿಯ ನಾಟಕವೊಂದರ ತುಣುಕನ್ನು ಕೇಳಿಸಿ ವಿವರಿಸುವುದು. ಚಲಚ್ಚಿತ್ರದ ದೃಶ್ಯವೊಂದಕ್ಕೆ ವ್ಯಾಖ್ಯಾನ ನೀಡುವುದು. ಎಲ್ಲದರಲ್ಲಿಯೂ ಎರಡು ಧ್ವನಿಗಳಿವೆ: ಒಂದು ಹೊರಗಿನಿಂದ ಮೈಕಿಗೆ ಬರುವುದು, ಇನ್ನೊಂದು ಒಳಗಿನಿಂದ ಸ್ಪೀಕರಿಗೆ ಹೋಗುವುದು.

ಎರಡು ಬಾಗಿಲುಗಳು

ಗಣಕಯಂತ್ರಕ್ಕೆ ಧ್ವನಿಯು ಒಳಬರುವ ಬಾಗಿಲು ಬೇರೆ, ಹೊರಹೋಗುವ ಬಾಗಿಲು ಬೇರೆ. ಸಾಮಾನ್ಯ ಧ್ವನಿಮುದ್ರಣ ತಂತ್ರಾಂಶವು ಒಳಬಾಗಿಲನ್ನು ಮಾತ್ರ ಕಾಯುತ್ತಿರುತ್ತದೆ. ಆದುದರಿಂದಲೇ ಕರೆಯೊಂದನ್ನು ಸಾಮಾನ್ಯ ರೀತಿಯಲ್ಲಿ ಮುದ್ರಿಸಿದಾಗ ಶಿಕ್ಷಕಿಯ ಪ್ರಶ್ನೆಗಳು ಮಾತ್ರ ಉಳಿದು ಅಜ್ಜಿಯ ಉತ್ತರಗಳು ಇಲ್ಲವಾಗುತ್ತವೆ.

ಈ ತೊಂದರೆಗೆ ಸುಲಭವಾಗಿ ಹೊಳೆಯುವ ಉಪಾಯವೆಂದರೆ ಸ್ಪೀಕರನ್ನು ಜೋರಾಗಿಟ್ಟು ಆ ಧ್ವನಿಯನ್ನೂ ಮೈಕಿಗೇ ಕೇಳಿಸುವುದು. ಧ್ವನಿ ಸಿಗುತ್ತದೆ ನಿಜ. ಆದರೆ ಅದು ಕೋಣೆಯ ಗೋಡೆಗಳಿಗೆ ಬಡಿದು, ಫ್ಯಾನಿನ ಸದ್ದಿನೊಡನೆ ಬೆರೆತು, ಮಸುಕಾಗಿ ಬರುತ್ತದೆ. ಅಜ್ಜಿಯ ಮಾತು ಹಂಡೆಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಮಕ್ಕಳು ಶಿಕ್ಷಕಿಯ ಸ್ಪಷ್ಟ ಕನ್ನಡವನ್ನೂ ಅಜ್ಜಿಯ ಅಸ್ಪಷ್ಟ ಕನ್ನಡವನ್ನೂ ಒಟ್ಟಿಗೆ ಕೇಳಿದಾಗ, ಪುಸ್ತಕದ ಕನ್ನಡವು ಶುದ್ಧ, ಮನೆಯ ಕನ್ನಡವು ಅಶುದ್ಧ ಎಂಬ ತಪ್ಪು ಭಾವನೆಯು ಯಾರೂ ಹೇಳದೆಯೇ ಅವರ ಮನಸ್ಸಿಗೆ ಇಳಿಯುತ್ತದೆ. ಯಂತ್ರದ ದೋಷವು ಭಾಷೆಯ ದೋಷವಾಗಿ ತೋರುವ ಅಪಾಯವಿದು. ಸರಿಯಾದ ಮಾರ್ಗವೆಂದರೆ ಹೊರಬಾಗಿಲಿನಲ್ಲಿಯೂ ಒಂದು ಕಾವಲನ್ನಿಟ್ಟು, ಸ್ಪೀಕರಿಗೆ ಹೋಗುವ ಧ್ವನಿಯನ್ನು ಗಾಳಿಗೆ ಬೀಳುವ ಮುನ್ನವೇ ಹಿಡಿಯುವುದು.

ಹಿಡಿಯುವ ವಿಧಾನಗಳು

ವಿಂಡೋಸ್ ಗಣಕಯಂತ್ರಗಳಲ್ಲಿ ಸ್ಟೀರಿಯೊ ಮಿಕ್ಸ್ ಎಂಬ ಹಳೆಯ ಸೌಕರ್ಯವೊಂದಿದೆ. ಅದು ಸಾಮಾನ್ಯವಾಗಿ ಮರೆಯಲ್ಲಿರುತ್ತದೆ. ಸೌಂಡ್ ಸೆಟ್ಟಿಂಗ್ಸಿನ ರೆಕಾರ್ಡಿಂಗ್ ಪುಟದಲ್ಲಿ ಖಾಲಿ ಜಾಗವನ್ನು ಬಲಗುಂಡಿಯಿಂದ ಒತ್ತಿ, ಶೋ ಡಿಸೇಬಲ್ಡ್ ಡಿವೈಸಸ್ ಎಂಬುದನ್ನು ಆರಿಸಿದರೆ ಅದು ಕಾಣಿಸಿಕೊಳ್ಳುತ್ತದೆ. ಆಗ ಅದನ್ನು ಸಕ್ರಿಯಗೊಳಿಸಬಹುದು. ಎಲ್ಲ ಯಂತ್ರಗಳಲ್ಲಿಯೂ ಇದು ಇರುವುದಿಲ್ಲ. ಇದ್ದರೂ ಯಂತ್ರದೊಳಗಿನ ಧ್ವನಿ ಫಲಕದ ಮೂಲಕ ಹಾದುಹೋಗುವ ಸದ್ದನ್ನು ಮಾತ್ರ ಹಿಡಿಯುತ್ತದೆ; ಯುಎಸ್‌ಬಿ ಅಥವಾ ಬ್ಲೂಟೂತ್ ಹೆಡ್‌ಫೋನ್ ಬಳಸಿದರೆ ಮುದ್ರಣವು ಬರಿದಾಗಿರುತ್ತದೆ.

ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಇನ್ನೊಂದು ದಾರಿಯಿದೆ. ಧ್ವನಿ ವ್ಯವಸ್ಥೆಯಾಗಿ ವಿಂಡೋಸ್ ವಾಸಾಪಿ ಎಂಬುದನ್ನು ಆರಿಸಿ, ಮುದ್ರಣದ ಸಾಧನವಾಗಿ ಲೂಪ್‌ಬ್ಯಾಕ್ ಎಂದು ಸೂಚಿಸಿರುವ ಸ್ಪೀಕರನ್ನು ಆರಿಸಿದರೆ ಒಳಗಿನ ಧ್ವನಿಯು ಶುದ್ಧವಾಗಿ ದೊರೆಯುತ್ತದೆ. ಆದರೆ ಆಡಾಸಿಟಿಯು ಒಂದು ಸಲಕ್ಕೆ ಒಂದೇ ಸಾಧನದಿಂದ ಮುದ್ರಿಸುತ್ತದೆ. ಹಳೆಯ ಗೀತೆಯೊಂದನ್ನು ಮಾತ್ರ ಇಳಿಸಿಕೊಳ್ಳಲು ಇದು ಯೋಗ್ಯ, ಸಂವಾದಕ್ಕೆ ಸಾಲದು.

ವಿಂಡೋಸಿನಲ್ಲಿಯೇ ಇರುವ ಗೇಮ್ ಬಾರ್ ಎಂಬ ಸೌಕರ್ಯವು ತೆರೆಯ ಚಿತ್ರದೊಡನೆ ಮೈಕಿನ ಧ್ವನಿಯನ್ನೂ ಒಳಗಿನ ಧ್ವನಿಯನ್ನೂ ಹಿಡಿಯಬಲ್ಲದು. ಆತುರದ ಕೆಲಸಕ್ಕೆ ಅದು ಒದಗುತ್ತದೆ. ಆದರೆ ಎರಡು ಧ್ವನಿಗಳೂ ಬೆರೆತು ಒಂದೇ ಆಗಿ ಬರುತ್ತವೆ.

ಲಿನಕ್ಸ್ ಬಳಸುವ ಶಾಲೆಗಳಲ್ಲಿ ಈ ಕಾರ್ಯ ಇನ್ನೂ ಸುಲಭ. ಕೇರಳದ ಕಾಸರಗೋಡಿನ ಕನ್ನಡ ಶಾಲೆಗಳು ಆ ರಾಜ್ಯದ ಇತರ ಸರಕಾರಿ ಶಾಲೆಗಳಂತೆ ಲಿನಕ್ಸನ್ನೇ ಬಳಸುತ್ತ ಬಂದಿವೆ. ತಮಿಳುನಾಡಿನಲ್ಲಿಯೂ 2011ರಲ್ಲಿ ಆರಂಭವಾದ ವಿದ್ಯಾರ್ಥಿಗಳ ಉಚಿತ ಲ್ಯಾಪ್‌ಟಾಪ್ ಯೋಜನೆಯ ಹಲವು ಯಂತ್ರಗಳಲ್ಲಿ ವಿಂಡೋಸಿನ ಜೊತೆಗೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಇತ್ತು. ಲಿನಕ್ಸಿನ ಪಲ್ಸ್ ಆಡಿಯೊ ಎಂಬ ಧ್ವನಿ ವ್ಯವಸ್ಥೆಯು ಪ್ರತಿಯೊಂದು ಸ್ಪೀಕರಿಗೂ ಮಾನಿಟರ್ ಎಂಬ ಹೆಸರಿನ ಪ್ರತಿರೂಪವೊಂದನ್ನು ತಾನಾಗಿಯೇ ಒದಗಿಸುತ್ತದೆ. ಅದನ್ನು ಮುದ್ರಣದ ಮೂಲವೆಂದು ಆರಿಸಿದರೆ ಸಾಕು.

ಬೆರೆಸದೆ ಮುದ್ರಿಸುವುದು

ಶಾಲೆಯ ಕೆಲಸಕ್ಕೆ ಹೆಚ್ಚು ಹೊಂದುವುದು ಒಬಿಎಸ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶ. ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಇದರ ಧ್ವನಿ ಮಿಶ್ರಕದಲ್ಲಿ ಡೆಸ್ಕ್‌ಟಾಪ್ ಆಡಿಯೊ ಎಂದೂ ಮೈಕ್ ಎಂದೂ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದು ಹೊರಬಾಗಿಲು, ಎರಡನೆಯದು ಒಳಬಾಗಿಲು. ಯಾವ ಬದಲಾವಣೆಯನ್ನೂ ಮಾಡದೆ ಮುದ್ರಿಸಿದರೆ ಎರಡೂ ಬೆರೆತೇ ಬರುತ್ತವೆ. ಆದರೆ ಈ ತಂತ್ರಾಂಶವು ಒಂದೇ ಕಡತದೊಳಗೆ ಆರು ಪ್ರತ್ಯೇಕ ಧ್ವನಿ ಟ್ರ್ಯಾಕುಗಳನ್ನು ಇಡಬಲ್ಲದು. ಶಿಕ್ಷಕರು ಈ ಸೌಕರ್ಯವನ್ನು ತಪ್ಪದೆ ಬಳಸಬೇಕು.

ಅದಕ್ಕಾಗಿ ಮಾಡಬೇಕಾದುದು ಎರಡೇ ಕೆಲಸ. ಮೊದಲನೆಯದಾಗಿ, ಸೆಟ್ಟಿಂಗ್ಸಿನ ಔಟ್‌ಪುಟ್ ಪುಟದಲ್ಲಿ ಅಡ್ವಾನ್ಸ್ಡ್ ಎಂಬ ಕ್ರಮವನ್ನು ಆರಿಸಿ, ರೆಕಾರ್ಡಿಂಗ್ ವಿಭಾಗದಲ್ಲಿ 1, 2, 3 ಎಂಬ ಟ್ರ್ಯಾಕುಗಳಿಗೆ ಗುರುತು ಹಾಕಬೇಕು. ಎರಡನೆಯದಾಗಿ, ಎಡಿಟ್ ಪಟ್ಟಿಯ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸನ್ನು ತೆರೆದು ಮೈಕಿಗೆ 1 ಮತ್ತು 2ನ್ನೂ, ಡೆಸ್ಕ್‌ಟಾಪ್ ಆಡಿಯೊಗೆ 1 ಮತ್ತು 3ನ್ನೂ ಉಳಿಸಿ, ಮಿಕ್ಕ ಗುರುತುಗಳನ್ನು ತೆಗೆಯಬೇಕು. ಆಗ ಮೊದಲನೆಯ ಟ್ರ್ಯಾಕಿನಲ್ಲಿ ಇಬ್ಬರ ಸಂವಾದವೂ, ಎರಡನೆಯದರಲ್ಲಿ ಶಿಕ್ಷಕಿಯ ಮಾತು ಮಾತ್ರವೂ, ಮೂರನೆಯದರಲ್ಲಿ ಅಜ್ಜಿಯ ಮಾತು ಮಾತ್ರವೂ ಇರುತ್ತವೆ. ಕಡತವನ್ನು ನುಡಿಸುವಾಗ ಸಾಮಾನ್ಯವಾಗಿ ಮೊದಲನೆಯ ಟ್ರ್ಯಾಕು ಮಾತ್ರ ಕೇಳಿಸುತ್ತದೆ. ವಿಎಲ್‌ಸಿ ತಂತ್ರಾಂಶದ ಆಡಿಯೊ ಪಟ್ಟಿಯಲ್ಲಿ ಆಡಿಯೊ ಟ್ರ್ಯಾಕ್ ಎಂಬಲ್ಲಿ ಉಳಿದವುಗಳನ್ನು ಆರಿಸಿ ಕೇಳಬಹುದು.

ಬೇರ್ಪಡಿಸಿ ಇಡಬೇಕಾದ ಕಾರಣವು ಸರಳವಾಗಿದೆ. ಬೇರೆಯಾಗಿರುವುದನ್ನು ಯಾವಾಗ ಬೇಕಾದರೂ ಬೆರೆಸಬಹುದು. ಬೆರೆತುದನ್ನು ಮತ್ತೆ ಕಲೆಯಿಲ್ಲದಂತೆ ಬೇರ್ಪಡಿಸುವುದು ಕಷ್ಟ. ಶಿಕ್ಷಕಿಯ ಕೆಮ್ಮು ಅಜ್ಜಿಯ ಒಂದು ಪದದ ಮೇಲೆ ಬಿದ್ದರೆ, ಬೆರೆತ ಮುದ್ರಣದಲ್ಲಿ ಆ ಪದ ಹೋದಂತೆಯೇ. ಬೇರೆ ಟ್ರ್ಯಾಕಿನಲ್ಲಿದ್ದರೆ ಅದು ಹಾಗೆಯೇ ಉಳಿದಿರುತ್ತದೆ. ಇನ್ನೊಂದು ಕಾರಣವೂ ಇದೆ. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕು. ಹೂಂಗುಟ್ಟದಿದ್ದರೆ ಹಿರಿಯರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಕೇಳುತ್ತಿರುವೆಯಾ ಎಂದು ವಿಚಾರಿಸುತ್ತಾರೆ. ಶಿಕ್ಷಕಿಯ ಹೂಂಕಾರಗಳು ಎರಡನೆಯ ಟ್ರ್ಯಾಕಿನಲ್ಲಿದ್ದರೆ, ಕಥೆ ಕೆಡದಂತೆ ಅವುಗಳನ್ನು ಆಮೇಲೆ ತೆಗೆದುಬಿಡಬಹುದು.

ಹೆಡ್‌ಫೋನ್ ಮತ್ತು ಮೂವತ್ತು ಸೆಕೆಂಡುಗಳ ಪರೀಕ್ಷೆ

ಟ್ರ್ಯಾಕುಗಳನ್ನು ಬೇರ್ಪಡಿಸಿದರೂ, ಶಿಕ್ಷಕಿಯು ಸ್ಪೀಕರಿನಲ್ಲಿ ಅಜ್ಜಿಯ ಮಾತನ್ನು ಕೇಳುತ್ತಿದ್ದರೆ ಆ ಮಾತು ಮೈಕಿನೊಳಕ್ಕೂ ನುಸುಳುತ್ತದೆ. ಆಗ ಒಂದೇ ಮಾತು ಎರಡು ಟ್ರ್ಯಾಕುಗಳಲ್ಲಿ, ತುಸು ಹಿಂದುಮುಂದಾಗಿ ಮುದ್ರಣಗೊಂಡು ಮೊದಲನೆಯ ಟ್ರ್ಯಾಕಿನಲ್ಲಿ ಪ್ರತಿಧ್ವನಿಯಂತೆ ಕೇಳಿಸುತ್ತದೆ. ಆದುದರಿಂದ ಹೆಡ್‌ಫೋನ್ ಅನಿವಾರ್ಯ. ಅದು ತಂತಿಯದಾದರೆ ಒಳ್ಳೆಯದು. ಬ್ಲೂಟೂತ್ ಹೆಡ್‌ಫೋನಿನ ಮೈಕನ್ನೂ ಬಳಸತೊಡಗಿದರೆ ಅನೇಕ ಯಂತ್ರಗಳಲ್ಲಿ ಧ್ವನಿಯ ಗುಣಮಟ್ಟವು ಹಳೆಯ ದೂರವಾಣಿಯ ಮಟ್ಟಕ್ಕೆ ಇಳಿಯುತ್ತದೆ. ಧ್ವನಿಯು ತಡವಾಗಿಯೂ ಬರುತ್ತದೆ.

ಆ ಕಡೆಯ ಅಜ್ಜಿಯೂ ಇಯರ್‌ಫೋನ್ ಹಾಕಿಕೊಳ್ಳುವಂತೆ ಮೊಮ್ಮಕ್ಕಳ ಸಹಾಯ ಪಡೆಯುವುದು ಲೇಸು. ಅವರು ಸ್ಪೀಕರಿನಲ್ಲಿ ಕೇಳುತ್ತಿದ್ದರೆ, ಕರೆಯ ತಂತ್ರಾಂಶವು ಪ್ರತಿಧ್ವನಿಯನ್ನು ತಡೆಯಲೆಂದು, ಇಬ್ಬರೂ ಒಟ್ಟಿಗೆ ಮಾತನಾಡಿದಾಗ ಅಜ್ಜಿಯ ಧ್ವನಿಯನ್ನು ತಗ್ಗಿಸಿಬಿಡಬಹುದು. ಶಿಕ್ಷಕಿಯ ಒಂದು ಹೂಂಕಾರದಿಂದ ಅಜ್ಜಿಯ ಒಂದು ಪದವೇ ನುಂಗಿಹೋಗಬಹುದು.

ನಿಜವಾದ ಸಂವಾದಕ್ಕೆ ಮುನ್ನ ಮೂವತ್ತು ಸೆಕೆಂಡುಗಳ ಪರೀಕ್ಷೆಯನ್ನು ಮಾಡಬೇಕು. ಮೊದಲ ಹತ್ತು ಸೆಕೆಂಡು ಶಿಕ್ಷಕಿ ಮಾತ್ರ ಮಾತನಾಡುವುದು. ಅನಂತರದ ಹತ್ತು ಸೆಕೆಂಡು ಅಜ್ಜಿ ಮಾತ್ರ. ಕೊನೆಯ ಹತ್ತು ಸೆಕೆಂಡು ಇಬ್ಬರೂ ಮೌನ. ಬಳಿಕ ಎರಡನೆಯ ಟ್ರ್ಯಾಕನ್ನು ಮಾತ್ರ ಕೇಳಬೇಕು. ನಡುವಿನ ಹತ್ತು ಸೆಕೆಂಡುಗಳಲ್ಲಿ ಅಜ್ಜಿಯ ದನಿ ಕೇಳಿಸಿದರೆ ಹೆಡ್‌ಫೋನಿನಿಂದ ಧ್ವನಿ ಸೋರುತ್ತಿದೆ ಎಂದು ತಿಳಿಯಬೇಕು. ಮೂರನೆಯ ಟ್ರ್ಯಾಕು ಪೂರ್ತಿ ಬರಿದಾಗಿದ್ದರೆ ಹೊರಬಾಗಿಲಿನ ಸಾಧನವನ್ನು ತಪ್ಪಾಗಿ ಆರಿಸಲಾಗಿದೆ. ಶಿಕ್ಷಕಿಯು ಯಾವ ಸಾಧನದಲ್ಲಿ ಕೇಳುತ್ತಿದ್ದಾಳೋ ಅದನ್ನೇ ಡೆಸ್ಕ್‌ಟಾಪ್ ಆಡಿಯೊ ಎಂದು ಸೂಚಿಸಬೇಕು. ಕೊನೆಯ ಮೌನದಲ್ಲಿ ಕೇಳಿಸುವುದು ಫ್ಯಾನು, ರಸ್ತೆ, ಪಕ್ಕದ ತರಗತಿ. ಮಾತಿನ ಮಟ್ಟವು ಒಬಿಎಸ್ ಮಿಶ್ರಕದ ಹಳದಿ ಭಾಗದಲ್ಲಿ ಆಡುತ್ತಿರಬೇಕು. ಕೆಂಪಿನ ತುದಿಯನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ, ಮತ್ತು ಒಡೆದ ಧ್ವನಿಯನ್ನು ಕೂಡಿಸಲಾಗದು.

ಭಾಷೆಯ ಕಿವಿ

ಇಲ್ಲಿಯವರೆಗಿನ ಮಾತು ಯಾವ ಭಾಷೆಯ ಶಿಕ್ಷಕರಿಗೂ ಅನ್ವಯಿಸುವಂಥದು. ಕನ್ನಡದ ಶಿಕ್ಷಕರು ಇನ್ನೂ ಕೆಲವನ್ನು ಗಮನಿಸಬೇಕಾಗುತ್ತದೆ.

ತಮಿಳಿನಲ್ಲಿ ಪಕಾರವಿರುವ ಅನೇಕ ಪದಗಳಿಗೆ ಕನ್ನಡದಲ್ಲಿ ಹಕಾರವಿದೆ: ಪಾಲ್ ಎಂಬುದು ಹಾಲು, ಪುಲಿ ಎಂಬುದು ಹುಲಿ, ಪೂ ಎಂಬುದು ಹೂ. ಆಡುಮಾತಿನಲ್ಲಿ ಆ ಹಕಾರವೂ ಕೆಲವೊಮ್ಮೆ ಬಿದ್ದುಹೋಗಿ ಆಲು, ಉಲಿ, ಊ ಎಂದಾಗುವುದು ಕನ್ನಡದ ಹಲವು ಸೀಮೆಗಳಲ್ಲಿ ಕಾಣುವ ಸಂಗತಿ. ತೊಂಡಾಮುತ್ತೂರಿನ ಅಜ್ಜಿಯು ಹಾಲು ಎಂದರೋ ಆಲು ಎಂದರೋ ಎಂಬುದು ಭಾಷೆಯನ್ನು ಕಲಿಸುವವರಿಗೆ ಬೆಲೆಯುಳ್ಳ ತಿಳಿವಳಿಕೆ. ಹಕಾರವು ಉಸಿರಿನಂತಹ ಮೆಲುಧ್ವನಿ. ಸದ್ದನ್ನು ತಗ್ಗಿಸುವ ನಾಯ್ಸ್ ಸಪ್ರೆಶನ್ ಎಂಬ ಸೌಕರ್ಯವು ಅದನ್ನೂ ಗಾಳಿಯ ಸದ್ದೆಂದು ಬಗೆದು ಅಳಿಸಿಬಿಡಬಹುದು. ಆಗ ಹಕಾರವನ್ನು ಬಿಟ್ಟವರು ಅಜ್ಜಿಯೋ ಯಂತ್ರವೋ ಎಂಬುದು ಎಂದಿಗೂ ತಿಳಿಯದು. ಆದುದರಿಂದ ಮೂಲ ಮುದ್ರಣದಲ್ಲಿ ಈ ಸೌಕರ್ಯವನ್ನು ಬಳಸದಿರುವುದೇ ಒಳಿತು. ಕರೆಯ ತಂತ್ರಾಂಶದಲ್ಲಿ ಅದನ್ನು ತಗ್ಗಿಸುವ ಆಯ್ಕೆಯಿದ್ದರೆ ಅಲ್ಲಿಯೂ ತಗ್ಗಿಸಬೇಕು. ಫ್ಯಾನನ್ನು ಹತ್ತು ನಿಮಿಷ ನಿಲ್ಲಿಸುವುದು ಯಾವ ತಂತ್ರಾಂಶಕ್ಕಿಂತಲೂ ಉತ್ತಮ ಪರಿಹಾರ.

ಸಕಾರ ಮತ್ತು ಶಕಾರಗಳ ವಿಷಯವೂ ಹೀಗೆಯೇ. ಇವುಗಳ ಭೇದವು ಬಹುಮಟ್ಟಿಗೆ ಎತ್ತರದ ಕಂಪನಗಳಲ್ಲಿದೆ. ಹಳೆಯ ಬಗೆಯ ದೂರವಾಣಿ ಕರೆಯು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತದೆ. ಅದರಲ್ಲಿ ಆ ಭೇದ ಮಸುಕಾಗುತ್ತದೆ. ಅಂತರ್ಜಾಲದ ಕರೆಯು ಇದಕ್ಕಿಂತ ವಿಶಾಲವಾದ ವ್ಯಾಪ್ತಿಯನ್ನು ಸಾಗಿಸಬಲ್ಲದಾದ್ದರಿಂದ ಉಚ್ಚಾರಣೆಯ ಪಾಠಕ್ಕೆ ಅದನ್ನೇ ಆರಿಸಬೇಕು.

ಮಕ್ಕಳ ದೃಷ್ಟಿಯಿಂದಲೂ ಇದು ಮುಖ್ಯ. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ಪ, ಬಗಳಿಗೆ ಒಂದೇ ಅಕ್ಷರ. ತಮಿಳಿನಲ್ಲಿ ಮೊದಲು ಓದಲು ಕಲಿತ ಕನ್ನಡ ಮನೆಯ ಮಗುವು ಬರೆಯುವಾಗ ಈ ಜೋಡಿಗಳಲ್ಲಿ ತಡವರಿಸಬಹುದು. ಆದರೆ ಕಿವಿಯಲ್ಲಿ ಅದಕ್ಕೆ ಆ ಭೇದ ಮೊದಲೇ ತಿಳಿದಿದೆ. ಶುದ್ಧವಾಗಿ ಮುದ್ರಿಸಿದ ಮನೆಮಾತು ಆ ತಿಳಿವನ್ನು ಅಕ್ಷರದ ಕಡೆಗೆ ನಡೆಸುವ ಸೇತುವೆಯಾಗಬಲ್ಲದು. ಇನ್ನೊಂದೆಡೆ, ಹಳಗನ್ನಡದಲ್ಲಿದ್ದು ಇಂದಿನ ಕನ್ನಡದಲ್ಲಿ ಇಲ್ಲವಾದ ೞಕಾರವು ತಮಿಳಿನಲ್ಲಿ ಇಂದಿಗೂ ಜೀವಂತವಾಗಿದೆ. ಕನ್ನಡದ ಕೋಳಿ, ಮಳೆಗಳು ತಮಿಳಿನಲ್ಲಿ ಕೋೞಿ, ಮೞೈ. ಎರಡು ಭಾಷೆಯನ್ನೂ ಆಡುವ ಮಗುವು ಹಳಗನ್ನಡ ಪಾಠಕ್ಕೆ ಬರುವ ಮುನ್ನವೇ ಆ ಧ್ವನಿಯನ್ನು ಬಲ್ಲದು. ಇದನ್ನು ತರಗತಿಯ ಸಂಪತ್ತೆಂದು ಬಗೆಯಬೇಕು.

ತರಗತಿಯಲ್ಲಿ ಬಳಕೆ

ಮುದ್ರಣವನ್ನು ತರಗತಿಯಲ್ಲಿ ಮೂರು ಹಂತಗಳಲ್ಲಿ ಕೇಳಿಸಬಹುದು. ಮೊದಲನೆಯ ಹಂತದಲ್ಲಿ ಮೂರನೆಯ ಟ್ರ್ಯಾಕು, ಅಂದರೆ ಅಜ್ಜಿಯ ಮಾತು ಮಾತ್ರ. ಶಿಕ್ಷಕರು ಏನನ್ನೂ ವಿವರಿಸದೆ ಸುಮ್ಮನಿರಬೇಕು. ಮಕ್ಕಳು ತಮಗೆ ತಿಳಿದ ಪದಗಳನ್ನೂ ತಿಳಿಯದ ಪದಗಳನ್ನೂ ಎರಡು ಪಟ್ಟಿಗಳಾಗಿ ಬರೆಯಲಿ. ಎರಡನೆಯ ಹಂತದಲ್ಲಿ ಮೊದಲನೆಯ ಟ್ರ್ಯಾಕು. ಈಗ ಪ್ರಶ್ನೆ ಯಾವುದು, ಉತ್ತರ ಯಾವುದು, ಒಂದು ಪ್ರಶ್ನೆಯಿಂದ ಮತ್ತೊಂದು ಹೇಗೆ ಹುಟ್ಟಿತು ಎಂಬುದನ್ನು ಮಕ್ಕಳು ಕಾಣುತ್ತಾರೆ. ಸಂದರ್ಶನವೆಂಬ ಬರವಣಿಗೆಯ ಪ್ರಕಾರಕ್ಕೆ ಇದೇ ಪ್ರವೇಶ. ಮೂರನೆಯ ಹಂತದಲ್ಲಿ ಎರಡನೆಯ ಟ್ರ್ಯಾಕು, ಅಂದರೆ ಶಿಕ್ಷಕಿಯ ಪ್ರಶ್ನೆಗಳು ಮಾತ್ರ. ಪ್ರತಿ ಪ್ರಶ್ನೆಯ ಬಳಿಕ ಮುದ್ರಣವನ್ನು ನಿಲ್ಲಿಸಿ, ಮಕ್ಕಳು ತಮ್ಮ ಮನೆಯ ಹಿರಿಯರಿಂದ ಕೇಳಿ ತಿಳಿದ ಉತ್ತರವನ್ನು ಹೇಳಲಿ. ಒಂದೇ ಮುದ್ರಣದಿಂದ ಮೂರು ಪಾಠಗಳಾದವು. ಬೆರೆತ ಮುದ್ರಣದಿಂದ ಇದು ಸಾಧ್ಯವಿಲ್ಲ.

ಈ ಪಾಠಗಳಲ್ಲಿ ಶಿಕ್ಷಕರು ಪಾಲಿಸಬೇಕಾದ ಒಂದು ನಿಯಮವಿದೆ. ಅಜ್ಜಿಯ ಪದವನ್ನು ಪಠ್ಯದ ಪದದಿಂದ ತಿದ್ದಬಾರದು. ಹೋಗ್ತೀನಿ ಎಂಬುದನ್ನೂ ಹೋಗುತ್ತೇನೆ ಎಂಬುದನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ಒಂದು ಮಾತಿನ ರೂಪ, ಇನ್ನೊಂದು ಬರಹದ ರೂಪ ಎಂದು ತೋರಿಸಿದರೆ ಮಗುವು ಎರಡನ್ನೂ ಇಟ್ಟುಕೊಳ್ಳುತ್ತದೆ. ಒಂದನ್ನು ಹೊಡೆದುಹಾಕಿದರೆ ಆ ಗೀಟು ಮಗುವಿನ ಮನೆಯ ಮೇಲೆಯೇ ಬಿದ್ದಂತಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯಗಳನ್ನು ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿಯು ಹೇಳುತ್ತದೆ. ಆ ವಿಧಿಯ ಮಾತೃಭಾಷೆ ಎಂಬ ಮಾತಿನ ಒಳಗೆ ತಾಯಿಯೂ ಅಜ್ಜಿಯೂ ಇದ್ದಾರೆಂಬುದನ್ನು ಮರೆಯಲಾಗದು.

ಅನುಮತಿ, ಹೆಸರು, ರಕ್ಷಣೆ

ಮುದ್ರಿಸುವ ಮುನ್ನ ಅನುಮತಿ ಪಡೆಯಬೇಕು. ಆ ಅನುಮತಿಯನ್ನೂ ಮುದ್ರಿಸಬೇಕು. ‘ಅಜ್ಜಿ, ನೀವು ಹೇಳುವುದನ್ನು ಹಿಡಿದಿಟ್ಟು ಶಾಲೆಯ ಮಕ್ಕಳಿಗೆ ಕೇಳಿಸಲೇ?’ ಎಂದು ಕೇಳಿ, ಅವರ ಉತ್ತರ ಬಂದ ಬಳಿಕವೇ ಮುಂದುವರಿಯಬೇಕು. ತರಗತಿಗೆಂದು ಒಪ್ಪಿದ ಮಾತನ್ನು ಮತ್ತೆ ಕೇಳದೆ ಸಾಮಾಜಿಕ ಜಾಲತಾಣಗಳಲ್ಲಿ ಹರಿಯಬಿಡುವುದು ನಂಬಿಕೆದ್ರೋಹ. ಇತರರ ಕೃತಿಗಳ ವಿಷಯದಲ್ಲಿ, 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು ಬೋಧನೆಯ ಕ್ರಮದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳುವುದಕ್ಕೆ ಅವಕಾಶ ನೀಡಿದೆ. ಆ ಅವಕಾಶವು ಬೋಧನೆಗೆ ಸಂಬಂಧಿಸಿದ್ದು; ಅದನ್ನೇ ಸಾರ್ವಜನಿಕ ಪ್ರಸಾರಕ್ಕೆ ಪರವಾನಗಿಯೆಂದು ತಿಳಿಯಬಾರದು.

1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗಾಗಿ ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಇಂದು ಆ ತಟ್ಟೆಯನ್ನು ಕೇಳುವವರಿಗೆ ಹಾಡಿದವರು ಯಾರೆಂಬ ಸಂದೇಹವೇ ಇಲ್ಲ. ಶಾಲೆಯ ಮುದ್ರಣಕ್ಕೂ ಇದೇ ಪದ್ಧತಿ ಒಳ್ಳೆಯದು. ಮಾತನಾಡುವವರು ಒಪ್ಪಿದರೆ ಅವರ ಹೆಸರು, ಊರು, ದಿನಾಂಕ, ವಿಷಯಗಳನ್ನು ಆರಂಭದಲ್ಲಿಯೇ ಬಾಯಿಂದ ಹೇಳಿಸಬೇಕು. ಕಡತದ ಹೆಸರು ಬದಲಾಗಬಹುದು, ಚೀಟಿ ಕಳೆಯಬಹುದು. ಮುದ್ರಣದೊಳಗಿನ ಮಾತು ಅದರ ಜೊತೆಯಲ್ಲಿಯೇ ಇರುತ್ತದೆ.

ಕರೆಂಟು ಯಾವಾಗ ಹೋಗುವುದೋ ಹೇಳಲಾಗದ ಊರುಗಳಲ್ಲಿ ಮುದ್ರಣದ ಸ್ವರೂಪವಾಗಿ ಎಂಕೆವಿಯನ್ನು ಆರಿಸಬೇಕು. ನಡುವೆ ಯಂತ್ರ ನಿಂತರೂ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ. ಸಾಮಾನ್ಯ ಎಂಪಿ4 ಕಡತವು ಹಾಗೆ ಅರ್ಧಕ್ಕೆ ನಿಂತರೆ ತೆರೆಯದೆ ಹೋಗಬಹುದು. ಸಂವಾದ ಮುಗಿದ ಮೇಲೆ ಅಜ್ಜಿಯ ಟ್ರ್ಯಾಕನ್ನು ಆಡಾಸಿಟಿಯ ಮೂಲಕ ಪ್ರತ್ಯೇಕ ವೇವ್ ಕಡತವಾಗಿ ಇಳಿಸಿಡಬಹುದು. ಎಂಕೆವಿಯನ್ನು ತೆರೆಯಲು ಆಡಾಸಿಟಿಗೆ ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶ ಬೇಕಾಗುತ್ತದೆ. ಸೆಕೆಂಡಿಗೆ 48,000 ಮಾದರಿ, 16 ಬಿಟ್, ಒಂದೇ ವಾಹಿನಿ ಎಂಬ ಲೆಕ್ಕದಲ್ಲಿ ಒಂದು ನಿಮಿಷಕ್ಕೆ ಸುಮಾರು 5.8 ಮೆಗಾಬೈಟ್, ಅರ್ಧ ಗಂಟೆಗೆ ಸುಮಾರು 173 ಮೆಗಾಬೈಟ್ ಜಾಗ ಹಿಡಿಯುತ್ತದೆ. ಸಾಮಾನ್ಯ ಪೆನ್‌ಡ್ರೈವಿನಲ್ಲಿಯೂ ಹಲವು ಹತ್ತು ಸಂವಾದಗಳು ಹಿಡಿಯುತ್ತವೆ. ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಬೇರೆ ಕಡೆಯಲ್ಲಿ, ಮತ್ತೊಂದು ಮಾತನಾಡಿದ ಮನೆಯವರ ಕೈಯಲ್ಲಿ ಇರಬೇಕು. ಮೂರನೆಯ ಪ್ರತಿಯನ್ನು ಕೊಡುವುದು ಋಣ ಸಲ್ಲಿಸುವ ಕೆಲಸವೆಂದು ತಿಳಿಯಬೇಕು.

ಯೋಗ್ಯವಾದ ಗಣಕಯಂತ್ರವಿಲ್ಲದ ಶಾಲೆಯಲ್ಲಿಯೂ ಈ ಕಾರ್ಯ ನಿಲ್ಲಬೇಕಾಗಿಲ್ಲ. ಗಣಕಯಂತ್ರವು ಒಳಗಿನ ಧ್ವನಿಯನ್ನು ಮಾತ್ರ ಹಿಡಿಯಲಿ. ಶಿಕ್ಷಕರ ಮಾತನ್ನು ಪಕ್ಕದಲ್ಲಿಟ್ಟ ಮೊಬೈಲು ಮುದ್ರಿಸಲಿ. ಎರಡೂ ಸಾಧನಗಳಲ್ಲಿ ಮುದ್ರಣ ಆರಂಭವಾದ ಮೇಲೆ ಆ ಕಡೆಯಿಂದ ಒಮ್ಮೆ ಚಪ್ಪಾಳೆ ತಟ್ಟಿಸಿ, ಆ ಕ್ಷಣ ಮಾತ್ರ ಹೆಡ್‌ಫೋನನ್ನು ಮೊಬೈಲಿಗೆ ಹತ್ತಿರ ಹಿಡಿದರೆ ಎರಡರಲ್ಲಿಯೂ ಒಂದೇ ಗುರುತು ಬೀಳುತ್ತದೆ. ಆಮೇಲೆ ಆಡಾಸಿಟಿಯಲ್ಲಿ ಆ ಎರಡು ಗುರುತುಗಳನ್ನು ಒಂದೇ ನೇರಕ್ಕೆ ತಂದರೆ ಸಂವಾದವು ಹೊಂದುತ್ತದೆ. ಎರಡು ಯಂತ್ರಗಳ ಒಳಗಡಿಯಾರಗಳು ಸ್ವಲ್ಪ ಸ್ವಲ್ಪವಾಗಿ ಅಗಲುವುದರಿಂದ, ಸಂವಾದವು ದೀರ್ಘವಾದರೆ ಕೊನೆಯಲ್ಲಿಯೂ ಒಂದು ಚಪ್ಪಾಳೆಯಿರಲಿ.

ಅಭ್ಯಾಸ

ಈ ಉಪನ್ಯಾಸವನ್ನು ಓದಿದ ಪ್ರತಿಯೊಬ್ಬ ಶಿಕ್ಷಕರೂ ಮುಂದಿನ ತಿಂಗಳೊಳಗೆ ಒಂದು ಚಿಕ್ಕ ಕೆಲಸವನ್ನು ಮಾಡಬಹುದು. ಕನ್ನಡ ಮನೆಮಾತಿನ ಹಿರಿಯರೊಬ್ಬರನ್ನು ಆರಿಸಿ, ಈಗ ಬಳಕೆಯಲ್ಲಿಲ್ಲದ ಒಂದೇ ಒಂದು ವಸ್ತುವಿನ ಬಗ್ಗೆ, ಅದು ಕಪಿಲೆಯಾಗಲಿ, ಕೈಮಗ್ಗದ ಒಂದು ಭಾಗವಾಗಲಿ, ಅಡಿಗೆಮನೆಯ ಒಂದು ಪಾತ್ರೆಯಾಗಲಿ, ಹತ್ತು ನಿಮಿಷ ಮಾತನಾಡಿಸಬೇಕು. ಸಂವಾದವನ್ನು ಮೂರು ಟ್ರ್ಯಾಕುಗಳಲ್ಲಿ ಮುದ್ರಿಸಬೇಕು. ಬಳಿಕ ಎರಡನೆಯ ಟ್ರ್ಯಾಕನ್ನು, ಅಂದರೆ ತಮ್ಮದೇ ಮಾತನ್ನು, ಒಬ್ಬರೇ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಎಷ್ಟು ಹೊತ್ತು ತಾವು ಮಾತನಾಡಿದರು, ಎಷ್ಟು ಹೊತ್ತು ಸುಮ್ಮನಿದ್ದರು, ಉತ್ತರ ಮುಗಿಯುವ ಮುನ್ನವೇ ಎಷ್ಟು ಸಲ ಮುಂದಿನ ಪ್ರಶ್ನೆಯನ್ನು ಕೇಳಿದರು ಎಂಬುದನ್ನು ಎಣಿಸಿ ಬರೆದುಕೊಳ್ಳಬೇಕು. ಮುಂದಿನ ಸಂವಾದದಲ್ಲಿ ಆ ಎರಡನೆಯ ಟ್ರ್ಯಾಕಿನಲ್ಲಿ ಮೌನವು ತುಸು ಹೆಚ್ಚಾಗಿದ್ದರೆ ಅಭ್ಯಾಸವು ಫಲಿಸಿತೆಂದು ತಿಳಿಯಬಹುದು.